ಹತ್ತೊಂಬತ್ತು ಬಾಯಿ

ಹೊಳೆಯ ದಂಡೆಗೆ ಒಂದು ಆಶ್ರಮವಿತ್ತು. ಅದರ ಬಾಗಿಲ ಮುಂದೆಯೇ ದಾರಿ ಎರಡಾಗಿ ಒಡೆಯುತ್ತಿತ್ತು.

ಒಂದು ಕಣಿವೆಯ ದಾರಿ. ಅರ್ಧ ದಿನದ ಪಯಣ, ಆದರೆ ನಡುವೆ ಒಂದು ಹಳ್ಳ ದಾಟಬೇಕು. ಇನ್ನೊಂದು ಗುಡ್ಡದ ದಾರಿ. ಇಡೀ ದಿನ ಬೇಕು, ಎದುರಿಗೆ ಗಾಡಿ ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಬೇಕು. ಎರಡೂ ಹೋಗಿ ಸೇರುವುದು ಒಂದೇ ಊರಿಗೆ, ಕರಡಿಗುಂಡಿಗೆ.

ಆಶ್ರಮದ ಗುರು ಹೊಳಲಮ್ಮ. ಎಪ್ಪತ್ತು ದಾಟಿದ ಹೆಂಗಸು. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು. ಮಾತು ಕಡಿಮೆ, ಸಿಟ್ಟು ಜಾಸ್ತಿ ಎಂದು ಸುತ್ತಿನ ಊರುಗಳಲ್ಲಿ ಹೆಸರಾಗಿದ್ದಳು.

ಅವಳ ಶಿಷ್ಯ ಉಳವಯ್ಯ. ವಯಸ್ಸು ಮೂವತ್ತೈದು. ಮೊದಲು ಒಬ್ಬ ದೇಸಾಯಿಯ ಲಾಯದಲ್ಲಿ ಕುದುರೆಗಳ ಉಸ್ತುವಾರಿ ನೋಡಿಕೊಂಡಿದ್ದವನು. ಯಾವುದನ್ನೂ ಎಣಿಸದೆ ಬಿಟ್ಟವನಲ್ಲ.

ಆಶ್ರಮಕ್ಕೆ ಬಂದ ಮೇಲೆ ಅವನು ತಾನೇ ಒಂದು ಕೆಲಸ ಹುಡುಕಿಕೊಂಡ. ಬಾಗಿಲಲ್ಲಿ ಕೂತು, ಬಂದ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದ.

"ಕಣಿವೆ ದಾರಿ ಹೇಗಿದೆ?"

ಚೆನ್ನಾಗಿದೆ ಅಂದರೆ ಬಲಗಡೆಯ ಬುಟ್ಟಿಗೆ ಒಂದು ಬಿಳಿ ಕಲ್ಲು. ಕೆಟ್ಟಿದೆ ಅಂದರೆ ಎಡಗಡೆಯ ಬುಟ್ಟಿಗೆ ಒಂದು ಕರಿ ಕಲ್ಲು. ಎರಡು ದಿನಕ್ಕೊಮ್ಮೆ ಬುಟ್ಟಿ ಬರಿದು ಮಾಡಿ ಮತ್ತೆ ಶುರು. ಹೋಗುವವರು ಬಂದು ಕೇಳಿದರೆ, ಬುಟ್ಟಿ ನೋಡಿ ಒಂದೇ ಮಾತಿನಲ್ಲಿ ಹೇಳುತ್ತಿದ್ದ.

ಮೂರು ವರ್ಷದಲ್ಲಿ ಈ ಬುಟ್ಟಿಗಳು ಅವ್ವನಿಗಿಂತ ಹೆಚ್ಚು ಹೆಸರು ಮಾಡಿದವು. ಗಾಡಿಯವರು ದೇವರಿಗೆ ಕೈಮುಗಿಯುವುದನ್ನು ಮರೆತರೂ ಉಳವಯ್ಯನನ್ನು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಅವ್ವ ಒಮ್ಮೆಯೂ ಅವನ ಬುಟ್ಟಿಯೊಳಗೆ ಇಣುಕಲಿಲ್ಲ.

ಆ ವರ್ಷ ಮಳೆಗಾಲದ ಕೊನೆಯಲ್ಲಿ, ಒಂದು ಬೆಳಗ್ಗೆ, ಕುಂಬಾರ ದುರುಗಪ್ಪ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಹುಲ್ಲಿನ ಮೇಲೆ ಅವನ ಹೆಂಡತಿ ಸಂಕವ್ವ. ಎರಡು ದಿನದಿಂದ ಬೇನೆ. ಊರಿನ ಸೂಲಗಿತ್ತಿ ಕೈಚೆಲ್ಲಿದ್ದಳು. ಕರಡಿಗುಂಡಿಯಲ್ಲಿ ಕಾಶವ್ವ ಎಂಬವಳಿದ್ದಾಳೆ, ಅಡ್ಡ ತಿರುಗಿದ ಕೂಸನ್ನೂ ತಿರುಗಿಸುತ್ತಾಳೆ ಎಂದು ಯಾರೋ ಹೇಳಿದ್ದರು.

ದುರುಗಪ್ಪ ಗಾಡಿಯಿಂದ ಇಳಿಯಲೂ ಇಲ್ಲ.

"ಯಾವ ದಾರಿ ಹಿಡೀಲಿ, ಸ್ವಾಮಿ? ಲಗೂನ ಹೇಳ್ರಿ."

ಉಳವಯ್ಯ ಬುಟ್ಟಿ ನೋಡಿದ. ಬಿಳಿ ಹತ್ತೊಂಬತ್ತು. ಕರಿ ಒಂದು.

"ಕಣಿವೆ ದಾರಿ. ಹತ್ತೊಂಬತ್ತು ಮಂದಿ ಸರಿ ಇದೆ ಅಂದಿದ್ದಾರೆ. ಹೋಗು, ಮಧ್ಯಾಹ್ನಕ್ಕೆ ಮುಟ್ಟುತ್ತೀಯ."

ದುರುಗಪ್ಪ ಕೈಮುಗಿದು ಎತ್ತಿನ ಬಾಲ ತಿರುವಿದ.

ನಾಲ್ಕನೆಯ ದಿನ ಅವನು ತಿರುಗಿ ಬಂದ. ಗಾಡಿ ಇರಲಿಲ್ಲ. ಒಬ್ಬನೇ ನಡೆದುಕೊಂಡು ಬಂದಿದ್ದ. ಮೊಣಕಾಲಿನವರೆಗೆ ಒಣಗಿದ ಕೆಸರು ಹಾಗೇ ಇತ್ತು, ತೊಳೆದುಕೊಂಡಿರಲಿಲ್ಲ.

ಉಳವಯ್ಯ ಮಜ್ಜಿಗೆಯ ಲೋಟ ಮುಂದೆ ಹಿಡಿದ. ದುರುಗಪ್ಪ ಅದನ್ನು ಹೊಡೆದು ಬೀಳಿಸಿದ.

"ಹಳ್ಳದ ದಂಡಿ ಕುಸಿದಿತ್ತು. ಮ್ಯಾಲೆ ನೋಡಿದರ ಗಟ್ಟಿ ನೆಲ, ಕೆಳಗ ಬರೇ ರಾಡಿ. ಗಾಲಿ ಅಚ್ಚಿನತನಾ ಹೂತು ಹೋತು. ಒಂದು ಎತ್ತಿನ ಕಾಲು ಮುರೀತು. ಮರುದಿನ ಮುಂಜಾನಿತನಾ ಒಂದು ನರಪಿಳ್ಳಿ ಆ ದಾರಿಗೆ ಬರಲಿಲ್ಲ."

ಉಳವಯ್ಯ ಕೇಳಿದ, "ಸಂಕವ್ವ?"

"ಬದುಕ್ಯಾಳ. ಕೂಸು ಇಲ್ಲ. ಹೆಣ್ಣು ಕೂಸು." ದುರುಗಪ್ಪ ಉಸಿರು ಎಳೆದುಕೊಂಡ. "ಕಾಶವ್ವ ಏನಂದಳು ಗೊತ್ತೇನು? ಮೊದಲನೇ ದಿನ ಸಂಜಿಗೆ ಬಂದಿದ್ರೂ ಉಳೀತಿತ್ತಪ್ಪಾ ಅಂದಳು. ಸಂಜಿಗೆ! ಗುಡ್ಡದ ದಾರಿ ಹಿಡಿದಿದ್ರ ಸಂಜಿಗೆ ಹೋಗಿ ಮುಟ್ಟತಿದ್ದೆ."

"ಹತ್ತೊಂಬತ್ತು ಮಂದಿ ಹೇಳಿದ್ದರು, ದುರುಗಪ್ಪ. ನಾನು ನನ್ನ ಕೈಯಾರೆ..."

"ಕೇಳ ಇಲ್ಲಿ." ದುರುಗಪ್ಪ ಅವನ ಎದೆಯ ಮೇಲಿನ ಬಟ್ಟೆ ಹಿಡಿದ. "ಹಳ್ಳದ ಈಚಿಗೆ ದಾರಿಗೆ ಅಡ್ಡ ಜಾಲಿ ಕಂಟಿ ಒಗದಿದ್ರು. ಹೋಗಬ್ಯಾಡ್ರಿ ಅಂತ ಯಾರೋ ಪುಣ್ಯಾತ್ಮರು ಮಾಡಿದ್ರು. ಅದನ್ನ ಎಳದು ಆಚಿಗೆ ಬಿಸಾಕಿದವ ನಾನು. ಈ ಕೈಲೇ. ಸಂಕವ್ವ ಬ್ಯಾಡ ಅಂದಳು. ನಾನು ಏನಂದೆ? ಆಶ್ರಮದವರು ಹೇಳ್ಯಾರ, ಅವರಿಗಿಂತ ಈ ಕಂಟಿ ದೊಡ್ಡದೇನು ಅಂದೆ."

ಕೈ ತೋರಿಸಿದ. ಅಂಗೈ ತುಂಬ ಮುಳ್ಳು ತರಚಿದ ಗೆರೆಗಳಿದ್ದವು.

ಆಮೇಲೆ ಅವನು ಹೊರಟುಹೋದ.

ಅವ್ವ ಜಗಲಿಯ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಇಳಿದು ಬಂದಳು. ಬಿಳಿ ಕಲ್ಲಿನ ಬುಟ್ಟಿ ಎತ್ತಿ ಹೊಳೆಗೆ ಸುರಿದಳು. ಕರಿ ಕಲ್ಲಿನ ಬುಟ್ಟಿಯನ್ನೂ ಸುರಿದಳು. ಬುಟ್ಟಿಗಳನ್ನೂ ನೀರಿಗೆ ಎಸೆದಳು.

"ಅವ್ವ, ನನ್ನದೇನು ತಪ್ಪು?" ಉಳವಯ್ಯನ ದನಿ ಏರಿತು. "ಸುಳ್ಳು ಹೇಳಿದವರು ಅವರು. ನಾನು ಒಂದು ಕಲ್ಲು ಹೆಚ್ಚು ಹಾಕಿಲ್ಲ, ಒಂದು ಕಲ್ಲು ಕಡಿಮೆ ಹಾಕಿಲ್ಲ. ಹತ್ತೊಂಬತ್ತು ಅಂದರೆ ಹತ್ತೊಂಬತ್ತು!"

"ಹತ್ತೊಂಬತ್ತು ಏನು?"

"ಹತ್ತೊಂಬತ್ತು ಮಂದಿ."

"ಹತ್ತೊಂಬತ್ತು ಬಾಯಿ," ಅವ್ವ ಅಂದಳು. "ಕಣ್ಣು ಎಷ್ಟು?"

ಉಳವಯ್ಯ ತೇಲಿಹೋಗುತ್ತಿದ್ದ ಬುಟ್ಟಿಗಳ ಕಡೆ ನೋಡಿದ.

"ನಿನಗೆ ಎಣಿಸುವುದು ಇಷ್ಟ ಅಲ್ಲವಾ? ಹೋಗಿ ಎಣಿಸಿಕೊಂಡು ಬಾ. ಅಲ್ಲಿಯವರೆಗೆ ಈ ಬಾಗಿಲು ಮೆಟ್ಟಬೇಡ."

"ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಲಾ?"

"ಒಬ್ಬೊಬ್ಬರನ್ನೂ ನೀನು ಕೇಳಿದ್ದೆಯಲ್ಲ."

ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಉಳವಯ್ಯ ಸಿಟ್ಟಿನಲ್ಲೇ ಹೊರಟ. ಅವ್ವನ ಮೇಲೆ ಸಿಟ್ಟು, ಆ ಹತ್ತೊಂಬತ್ತು ಮಂದಿಯ ಮೇಲೆ ಸಿಟ್ಟು. ಲಾಯದ ದಿನಗಳಿಂದ ಅವನಿಗೆ ಮುಖದ ನೆನಪು ಗಟ್ಟಿ. ಯಾರು ಯಾವ ಕಡೆ ಹೋದರೆಂದು ಗೊತ್ತಿತ್ತು. ಮೊದಲು ಹೊಳೆಯ ಗುಂಟ ನಾಲ್ಕು ದಿನ ನಡೆದು ತೊರೆಹಾಳದ ಸಂತೆಗೆ ಬಂದ.

ಅಲ್ಲಿ ಎಲೆ ವ್ಯಾಪಾರಿ ಪರೂತಪ್ಪ ಸಿಕ್ಕ. ಅವನ ಜೊತೆಗೆ ಬಂದವರು ಹತ್ತು ಮಂದಿ. ಬಿಳಿ ಕಲ್ಲುಗಳಲ್ಲಿ ಹನ್ನೊಂದು ಇವರವೇ.

ಉಳವಯ್ಯ ಮೊದಲು ಆ ಹತ್ತು ಮಂದಿಯನ್ನು ಕೇಳಿದ. "ಹಳ್ಳದ ದಂಡೆ ಗಟ್ಟಿ ಇದ್ದದ್ದನ್ನು ಯಾರು ನೋಡಿದಿರಿ?"

ಒಬ್ಬ ತಲೆ ಕೆರೆದುಕೊಂಡ. "ನಾವು ಗಾಡ್ಯಾಗ ಮಲಗಿದ್ವಿರೀ. ಪರೂತಪ್ಪಣ್ಣ ದಾರಿ ಚಲೋ ಐತಿ ಅಂದ. ನಾವೂ ಅಂದ್ವಿ."

"ಹತ್ತೂ ಜನ ಮಲಗಿದ್ದಿರಾ?"

"ಎಚ್ಚರಿದ್ದು ಏನು ಮಾಡೋದೈತ್ರಿ? ಎತ್ತಿಗೆ ದಾರಿ ಗೊತ್ತಿರತೈತಿ."

ಉಳವಯ್ಯ ಹಲ್ಲು ಕಚ್ಚಿಕೊಂಡು ಪರೂತಪ್ಪನ ಕಡೆ ತಿರುಗಿದ. "ನೀನು?"

"ನಾನು ಎಚ್ಚರಿದ್ದೆ. ಕಣ್ಣಾರೆ ನೋಡೀನಿ. ದಂಡಿ ಕಲ್ಲಿನಂಗ ಇತ್ತು. ಸುಳ್ಳಾಡೋ ಮನುಷ್ಯಾ ಅಲ್ಲ ನಾನು."

"ನೋಡಿದ್ದು ಯಾವತ್ತು?"

"ಸೋಮವಾರ."

"ಆಶ್ರಮಕ್ಕೆ ಬಂದದ್ದು ಬುಧವಾರ!"

"ಹುಣಸಿ ತೋಪಿನ್ಯಾಗ ಎರಡು ದಿನಾ ಎತ್ತಿಗೆ ವಿಶ್ರಾಂತಿ ಕೊಟ್ವಿ. ನೀವು ಯಾವತ್ತು ನೋಡಿದಿ ಅಂತ ಕೇಳಲಿಲ್ಲಲ್ರೀ."

ದಂಡೆ ಕುಸಿದದ್ದು ಮಂಗಳವಾರದ ಮಳೆಗೆ. ಉಳವಯ್ಯ ಅದನ್ನು ಅವನಿಗೆ ಹೇಳಿದ. ಕೂಸಿನ ಸುದ್ದಿಯನ್ನೂ ಹೇಳಿದ. ಪರೂತಪ್ಪ ಕೈಲಿದ್ದ ಎಲೆಯ ಕಟ್ಟು ಕೆಳಗಿಟ್ಟ.

ಉಳವಯ್ಯನಿಗೆ ಅವನನ್ನು ಬೈಯಬೇಕೆನ್ನಿಸಿತು. ಏನೆಂದು ಬೈಯುವುದೋ ತಿಳಿಯಲಿಲ್ಲ.

ಅದೇ ಸಂತೆಯಲ್ಲಿ ಇನ್ನೂ ಐದು ಮಂದಿ ಸಿಕ್ಕರು. ಕಂಬಳಿ ನೇಯುವವರು, ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಇವರಾದರೂ ನೋಡಿರುತ್ತಾರೆ ಅಂದುಕೊಂಡ.

"ಕಣಿವಿ ದಾರಿ? ನಾವು ಗುಡ್ಡದ ದಾರೀಲೆ ಬಂದವರು," ಅಂದ ಒಬ್ಬ.

"ಮತ್ತೆ ಚೆನ್ನಾಗಿದೆ ಅಂತ ಹೇಗೆ ಹೇಳಿದಿರಿ?"

"ಅರವಟ್ಟಿಗ್ಯಾಗ ನೀರು ಕುಡೀಲಿಕ್ಕೆ ಕೂತಿದ್ವಿ. ಎಲಿ ವ್ಯಾಪಾರದವರು ಚಲೋ ಐತಿ ಅಂತಿದ್ರು. ಹನ್ನೊಂದು ಮಂದಿ ಹೇಳತಾರ ಅಂದಮ್ಯಾಲೆ ಅದು ಖರೇನ ಇರಬೇಕಲ್ರೀ. ನೀವು ಕೇಳಿದಿರಿ, ಹೇಳಿದ್ವಿ."

ಉಳವಯ್ಯ ಸಂತೆಯ ನಡುವೆ ನಿಂತು ಕೂಗಿದ. "ನೋಡದೆ ಹೇಳಿದಿರಾ? ಬಾಯಿಗೆ ಬಂದದ್ದು ಹೇಳಿದಿರಾ?"

ಜನ ತಿರುಗಿ ನೋಡಿದರು. ಕಂಬಳಿಯವನು ಮೆಲ್ಲಗೆ ಅಂದ, "ನೋಡೀರೇನು ಅಂತ ನೀವು ಕೇಳಲಿಲ್ಲ. ಹೆಂಗೈತಿ ಅಂತ ಕೇಳಿದ್ರಿ."

ಸಂತೆಯ ಕೊನೆಯಲ್ಲಿ ಹದಿನೇಳನೆಯವನು ಸಿಕ್ಕ. ಬಳೆಗಾರ, ಹೆಸರು ಗಿಡ್ಡಯ್ಯ. ವಯಸ್ಸಾದವನು. ಅವನು ಮಂಗಳವಾರವೇ ಮಳೆ ನಿಂತ ಮೇಲೆ ಹಳ್ಳ ದಾಟಿದ್ದ.

"ದಂಡೆ ಕುಸಿದದ್ದು ನಿನಗೆ ಕಾಣಲಿಲ್ಲವಾ?"

"ಕಂಡೆ," ಅಂದ ಗಿಡ್ಡಯ್ಯ. "ಒಂದು ಮಗ್ಗಲಿಗೆ ಬಿರುಕು ಬಿಟ್ಟಿತ್ತು."

ಉಳವಯ್ಯ ಅವನ ಎದುರಿಗೆ ಕೂತ. "ಕಂಡೂ ಚೆನ್ನಾಗಿದೆ ಅಂದೆಯಾ? ಯಾಕೆ?"

ಮುದುಕ ಬಳೆಯ ಮಲಾರ ಕಟ್ಟುತ್ತಾ ಹೇಳಿದ. "ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ನಾನು ದಾರಿ ಕೆಟ್ಟೈತಿ ಅಂದಾಗ ನೀವು ಮಾರಿ ಗಂಟು ಹಾಕಿಕೊಂಡ್ರಿ. ಖರೇನಾ, ಎಲ್ಲಿ, ಎಷ್ಟು, ಉಳಿದವರು ಹಂಗ ಹೇಳಲಿಲ್ಲಲ್ಲ ಅಂತ ನಿಲ್ಲಿಸಿಕೊಂಡು ಕೇಳಿದ್ರಿ. ಚಲೋ ಐತಿ ಅಂದವರಿಗೆ ನಕ್ಕು ಮಜ್ಜಿಗಿ ಕೊಟ್ಟು ಕಳಿಸತೀರಿ. ನನಗ ಬಿಸಲಾಗ ನಿಲ್ಲಾಕ ಆಗಲಿಲ್ಲ."

ಉಳವಯ್ಯ ಅಲ್ಲಿಂದ ಎದ್ದು ಬಂದ. ದಾರಿಯುದ್ದಕ್ಕೂ ಆ ಮುದುಕನನ್ನು ಬೈದುಕೊಂಡ. ಸ್ವಲ್ಪ ದೂರ ಬಂದ ಮೇಲೆ ಬೈಗುಳ ನಿಂತಿತು. ಮಜ್ಜಿಗೆ ಕೊಡುವಾಗ ತಾನು ಯಾರಿಗೆ ನಕ್ಕಿದ್ದೆ, ಯಾರಿಗೆ ನಗಲಿಲ್ಲ ಎಂದು ನೆನಪಾಗತೊಡಗಿತು.

ಉಳಿದವರು ಇಬ್ಬರು, ಉಪ್ಪಿನ ವ್ಯಾಪಾರಿಗಳು. ಅವರಿಗಾಗಿ ಗುಡ್ಡ ಹತ್ತಿ ಕರಡಿಗುಂಡಿಗೆ ಹೋದ. ಪೇಟೆಯ ನಡುವೆ ಉಪ್ಪಿನ ಚೀಲಗಳ ಮೇಲೆ ಕೂತಿದ್ದರು. ಅವನನ್ನು ನೋಡಿ ಗುರುತು ಹಿಡಿದರು.

"ಕಣಿವೆ ದಾರಿ ಸರಿ ಇದೆ ಅಂತ ಹೇಳಿದ್ದಿರಲ್ಲ, ನೀವು ನೋಡಿದ್ದಿರಾ?"

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು.

"ಉಪ್ಪು ತಗೊಂಡು ನಾವು ಹಳ್ಳಕ್ಕ ಇಳೀತೀವೇನ್ರಿ ಮಳಿಗಾಲದಾಗ? ಗುಡ್ಡದ ದಾರಿ ನಮ್ಮದು. ಎಲ್ಲಾರೂ ಅಲ್ಲೇ ಬಂದ್ರ ಗಾಡಿಗೆ ಗಾಡಿ ಸಿಕ್ಕೊಂಡು ಸಾಯಬೇಕಾಗತೈತಿ. ಅದಕ್ಕ ಕಣಿವಿ ಚಲೋ ಐತಿ ಅಂದ್ವಿ. ನಾಕು ಗಾಡಿ ಆ ಕಡೆ ಹೋದ್ರ ನಮಗ ಸಲೀಸು."

ಉಳವಯ್ಯ ಕೈ ಎತ್ತಿದ. ಆಶ್ರಮ ಸೇರಿದ ಮೇಲೆ ಅವನು ಯಾರ ಮೇಲೂ ಕೈ ಎತ್ತಿರಲಿಲ್ಲ. ಇಬ್ಬರಲ್ಲಿ ದೊಡ್ಡವನ ಕೆನ್ನೆಗೆ ಬಾರಿಸಿದ. ಪೇಟೆಯ ಜನ ಸೇರಿ ಇವನನ್ನೇ ಹಿಡಿದು ಕೆಡವಿ, ತುಟಿ ಒಡೆದು, ಊರ ಹೊರಗೆ ದಬ್ಬಿದರು.

ಹೊರಟವನು ಕಣಿವೆಯ ದಾರಿ ಹಿಡಿದ. ಹಳ್ಳದ ಹತ್ತಿರ ಬಂದಾಗ ಮಧ್ಯಾಹ್ನ. ಏಳೆಂಟು ಮಂದಿ ಕುರಿಗಾಹಿಗಳು ಕುಸಿದ ಜಾಗಕ್ಕೆ ಕಲ್ಲು ಹಾಕುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು ಅವನನ್ನು ನೋಡಿದವಳೇ ಹೊತ್ತ ಕಲ್ಲನ್ನು ಕೆಳಗೆ ಹಾಕಿದಳು.

ಅವಳು ಮಾಳವ್ವ. ಕರಿ ಕಲ್ಲು ಅವಳದು.

"ನೀನಾ?" ಅಂದಳು. "ಬುಟ್ಟಿ ಎಲ್ಲೈತಿ? ತಂದಿಲ್ಲೇನು?"

ಉಳವಯ್ಯ ತಲೆ ಬಗ್ಗಿಸಿದ.

"ಅವತ್ತು ಇಲ್ಲಿಂದ ಓಡಿಕೊಂತ ಬಂದಿದ್ದೆ, ಕುರಿ ಬಿಟ್ಟು. ಸೊಂಟದ ಮಟ ರಾಡಿ ಆಗಿತ್ತು ನನ್ನ ಸೀರಿ. ನಿನಗ ಕಾಣಲಿಲ್ಲೇನು? ಗಾಡಿ ಹೂಳತಾವ, ಯಾರನ್ನೂ ಬಿಡಬ್ಯಾಡ ಅಂತ ಒದರಿದೆ. ನೀನು ಒಂದು ಕಲ್ಲು ತಗದು ಬುಟ್ಟಿಗೆ ಹಾಕಿದಿ. ಆತು ಹೋಗವ್ವ ಅಂದಿ."

"ಬಂದದ್ದು ನೀನೊಬ್ಬಳೇ..."

"ಒಬ್ಬಾಕಿನ! ಬಿದ್ದಾಕಿ ಒಬ್ಬಾಕಿ ಇದ್ರ ಒಬ್ಬಾಕಿನ ಬರತಾಳ!"

ಉಳವಯ್ಯ ಅವಳು ಕೆಳಗೆ ಹಾಕಿದ ಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ. ಸಂಜೆಯವರೆಗೆ ಅವರ ಜೊತೆ ಕಲ್ಲು ಹೊತ್ತ. ದಂಡೆ ಗಟ್ಟಿಯಾಯಿತು. ಕೊನೆಗೆ ಒಂದು ಗಾಡಿಯನ್ನೂ ದಾಟಿಸಿ ನೋಡಿದರು.

ಅಷ್ಟರಲ್ಲಿ ಅವನಿಗೆ ಜ್ವರ ಬಂತು. ಈಚೆ ದಂಡೆಯಲ್ಲಿ, ಆಶ್ರಮದ ಕಡೆಗೆ ಒಂದು ಹರದಾರಿ ದೂರದಲ್ಲಿ ಮಾಳವ್ವನ ಹಟ್ಟಿ ಇತ್ತು. ಅಲ್ಲಿ ಎರಡು ರಾತ್ರಿ ಮಲಗಿದ. ಬೈಯುತ್ತಲೇ ಅವಳು ಗಂಜಿ ಕುಡಿಸಿದಳು.

ಮೂರನೆಯ ದಿನ ಆಶ್ರಮದ ಬಾಗಿಲಿಗೆ ಬಂದ. ಅಲ್ಲಿ ನಾಲ್ಕು ಗಾಡಿಗಳು ನಿಂತಿದ್ದವು. ಗಾಡಿಯವರು ಅವನನ್ನು ಕಂಡು ಮುತ್ತಿಕೊಂಡರು.

"ಕಣಿವಿ ಕಡೆಯಿಂದನ ಬಂದ್ರೇನ್ರಿ? ದಾರಿ ಹೆಂಗೈತಿ?"

ಉಳವಯ್ಯನ ಎದೆ ಉಬ್ಬಿತು. ಇಷ್ಟು ದಿನದ ಸಿಟ್ಟೆಲ್ಲ ಒಂದೇ ಮಾತಾಗಿ ಹೊರಬಂತು.

"ನಾನು ಯಾರದೋ ಮಾತು ಹೇಳುವವನಲ್ಲ. ಮಲಗಿಕೊಂಡು ಬಂದವನೂ ಅಲ್ಲ. ಕಣ್ಣಾರೆ ನೋಡಿದ್ದೇನೆ, ಕೈಯಾರೆ ಕಲ್ಲು ಹಾಕಿದ್ದೇನೆ. ದಾರಿ ಭದ್ರವಾಗಿದೆ. ಹೋಗಿ!"

ಗಾಡಿಗಳು ತಿರುಗಿದವು.

"ನಿಲ್ಲಿ," ಅಂದಳು ಅವ್ವ.

ಅವಳು ಬಾಗಿಲಲ್ಲಿ ನಿಂತಿದ್ದಳು. "ಯಾವತ್ತು ನೋಡಿದೆ?"

"ಮೊನ್ನೆ ಸಂಜೆ."

"ಹೊಳೆ ನೋಡು."

ಉಳವಯ್ಯ ತಿರುಗಿ ನೋಡಿದ. ತಾನು ಅದರ ಗುಂಟವೇ ನಡೆದು ಬಂದಿದ್ದ, ಆದರೆ ನೋಡಿರಲಿಲ್ಲ. ನೀರು ಕೆಂಪಾಗಿತ್ತು. ಕಣಿವೆಯ ಹಳ್ಳ ಬಂದು ಸೇರುವ ಮಗ್ಗುಲಲ್ಲಿ ಬೇರು ಸಮೇತ ಒಂದು ಗಿಡ ತೇಲಿಕೊಂಡು ಹೋಗುತ್ತಿತ್ತು.

"ನಿನ್ನೆ ಮೇಲಿನ ಗುಡ್ಡದಲ್ಲಿ ಮಳೆ," ಅಂದಳು ಅವ್ವ. "ಹತ್ತೊಂಬತ್ತು ಬಾಯಿ ಇದ್ದದ್ದು ಇಪ್ಪತ್ತಾಯಿತು."

ಉಳವಯ್ಯ ಬಾಗಿಲು ಮೆಟ್ಟಲಿಲ್ಲ. ಬಂದ ಕಾಲಲ್ಲೇ ಮತ್ತೆ ಕಣಿವೆಗೆ ನಡೆದ. ಗಾಡಿಯವರು ಕಾದರು. ಹೊತ್ತು ಮುಳುಗುವ ಮೊದಲು ತಿರುಗಿ ಬಂದ. ಅವನ ಸೊಂಟದವರೆಗೆ ಕೆಸರಾಗಿತ್ತು.

"ಕಲ್ಲು ಒಂದೂ ಉಳಿದಿಲ್ಲ," ಅಂದ. "ಗುಡ್ಡದ ದಾರಿ ಹಿಡಿಯಿರಿ."

ಅವತ್ತು ಅವ್ವ ಅವನನ್ನು ಒಳಗೆ ಕರೆದು ಉಣ್ಣಲಿಕ್ಕೆ ಇಟ್ಟಳು. ಅವನು ತಟ್ಟೆ ಮುಟ್ಟಲಿಲ್ಲ.

"ಎಣಿಸಿಕೊಂಡು ಬಂದೆಯಾ?"

"ಬಂದೆ. ಒಂದೂ ಇಲ್ಲ ಅವ್ವ. ಒಬ್ಬ ನೋಡಿದ್ದ, ಅದು ಮಳೆಗೆ ಮೊದಲು. ಇನ್ನೊಬ್ಬ ಕಂಡೂ ಚೆನ್ನಾಗಿದೆ ಅಂದ. ಉಳಿದ ಹದಿನೇಳು..." ಅವನು ಗೋಡೆಯ ಕಡೆ ತಿರುಗಿದ. "ಅವರ ಹೆಸರನ್ನೆಲ್ಲ ಈ ಗೋಡೆಯ ಮೇಲೆ ಬರೆಯುತ್ತೇನೆ. ಬಂದವರೆಲ್ಲ ಓದಿ ಉಗಿಯಲಿ."

"ಬರೆ. ಇಪ್ಪತ್ತನೆಯ ಹೆಸರು ಮೊದಲು ಬರೆ."

ಉಳವಯ್ಯನ ಸಿಟ್ಟು ಅವಳ ಕಡೆಗೆ ತಿರುಗಿತು. "ನೀನು? ಮೂರು ವರ್ಷ ಈ ಜಗಲಿಯ ಮೇಲೆ ಕೂತು ನೋಡಿದೆ. ಬುಟ್ಟಿ ತಪ್ಪು ಅಂತ ಒಂದು ದಿನ ಹೇಳಲಿಲ್ಲ. ಕೂಸು ಸತ್ತ ಮೇಲೆ ಹೊಳೆಗೆ ಎಸೆದೆ!"

ಅವ್ವ ಅವನ ಮುಂದೆ ಕೂತಳು.

"ಹೌದು," ಅಂದಳು. "ಜನ ನಿನ್ನನ್ನು ಹೊಗಳುವುದು ಕೇಳುತ್ತಿದ್ದೆ. ಆಶ್ರಮಕ್ಕೆ ಒಳ್ಳೆಯ ಹೆಸರು ಬರುತ್ತಿದೆ ಅಂದುಕೊಂಡು ಸುಮ್ಮನಿದ್ದೆ. ನೀನು ಹೋದ ಮೇಲೆ ಸಂಕವ್ವನ ಮನೆಗೆ ಹೋದೆ. ಒಂಬತ್ತು ದಿನ ಅವಳ ಹೊಸ್ತಿಲ ಹೊರಗೆ ಕೂತಿದ್ದೆ. ಹತ್ತನೆಯ ದಿನ ಒಳಗೆ ಕರೆದಳು."

"ಏನಂದಳು?"

"ಬೈದಳು. ಕೇಳಿಸಿಕೊಂಡೆ. ನೀರು ಸೇದಿ ಇಟ್ಟು ಬಂದೆ. ನಾಳೆಯೂ ಹೋಗುತ್ತೇನೆ."

ಆ ದಿನದಿಂದ ಉಳವಯ್ಯ ಬಾಗಿಲಲ್ಲಿ ಕೂರುವುದನ್ನು ಬಿಟ್ಟ. ಕಟ್ಟಿಗೆ ಒಡೆಯುತ್ತಿದ್ದ, ದನ ಮೇಯಿಸುತ್ತಿದ್ದ. ದಾರಿ ಕೇಳಿದವರಿಗೆ ಒಂದೇ ಉತ್ತರ ಕೊಡುತ್ತಿದ್ದ.

"ಗೊತ್ತಿಲ್ಲ."

ಹೀಗೇ ಹದಿನೈದು ದಿನ ಕಳೆಯಿತು. ಒಂದು ದಿನ ಒಬ್ಬ ಹೆಂಗಸು ತಲೆಯ ಮೇಲೆ ಗಂಟು ಹೊತ್ತು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು ಕೇಳಿದಳು. ಗೊತ್ತಿಲ್ಲ ಅಂದ. ಅವಳು ಎರಡೂ ದಾರಿಗಳನ್ನು ನೋಡುತ್ತಾ ನಿಂತಳು.

ಅವ್ವ ಜಗಲಿಯಿಂದ ಕೂಗಿದಳು. "ಗೊತ್ತಿಲ್ಲವಾ? ಬೆಳಗ್ಗೆ ಮಾಳವ್ವ ಬಂದು ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲವಾ?"

"ಅದು ಒಬ್ಬಳ ಮಾತು."

"ಒಬ್ಬಳು ಅಂತ ಹೇಳು. ಬೆಳಗ್ಗೆ ಅಂತ ಹೇಳು. ತಾನೇ ಇಳಿದು ನೋಡಿದ್ದಾಳೆ ಅಂತ ಹೇಳು. ಅದನ್ನು ಬಚ್ಚಿಟ್ಟುಕೊಳ್ಳಲಿಕ್ಕೆ ನೀನು ಯಾರು?"

"ತಪ್ಪಾದರೆ?"

"ನಿನಗೆ ತಪ್ಪಿನ ಭಯ. ಮಗು ಹೊತ್ತವಳಿಗೆ ದಾರಿ ಬೇಕು." ಅವ್ವನ ದನಿ ಗಡುಸಾಯಿತು. "ಅವತ್ತು ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದೆ. ಇವತ್ತು ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನುತ್ತೀಯ. ಯಾವಾಗ ನಿಜ ಹೇಳುತ್ತೀಯ?"

ಉಳವಯ್ಯ ಕೊಡಲಿ ಕೆಳಗಿಟ್ಟ. ಆ ಹೆಂಗಸಿನ ಹತ್ತಿರ ಹೋಗಿ, ಮಾಳವ್ವ ಏನು ನೋಡಿದ್ದಳು, ಯಾವ ಹೊತ್ತಿಗೆ ನೋಡಿದ್ದಳು, ಎಲ್ಲಿ ಕಲ್ಲು ಜಾರುತ್ತದೆ ಅಂದಿದ್ದಳು, ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು ಕಣಿವೆಗೆ ಇಳಿದಳು. ಅವನು ಅವಳ ಜೊತೆಗೆ ಹಳ್ಳದವರೆಗೆ ಹೋಗಿ ದಾಟಿಸಿ ಬಂದ.

ಮರುದಿನದಿಂದ ಮತ್ತೆ ಬಾಗಿಲಲ್ಲಿ ಕೂತ. ಈ ಸಲ ಬುಟ್ಟಿ ಇರಲಿಲ್ಲ. ಮಜ್ಜಿಗೆಯನ್ನು ಮೊದಲೇ ಕೊಟ್ಟುಬಿಡುತ್ತಿದ್ದ, ಪ್ರಶ್ನೆ ಆಮೇಲೆ. ನೀನೇ ನೋಡಿದೆಯಾ? ಯಾವ ಹೊತ್ತಿಗೆ? ಎಚ್ಚರ ಇದ್ದೆಯಾ? ಬಂದವರ ಕಾಲು ನೋಡುತ್ತಿದ್ದ, ಎತ್ತಿನ ಗೊರಸು ನೋಡುತ್ತಿದ್ದ. ಕೆಲವರು ಬೇಸತ್ತು ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು. ದಾರಿ ಕೆಟ್ಟಿದೆ ಅಂದವರನ್ನು ನೆರಳಿಗೆ ಕರೆದು ಕೂರಿಸುತ್ತಿದ್ದ.

ಒಂದು ಬೆಳಗ್ಗೆ ಬೆಲ್ಲದ ವ್ಯಾಪಾರಿ ಚನಮಲ್ಲಪ್ಪ ತುಂಬಿದ ಗಾಡಿ ತಂದು ನಿಲ್ಲಿಸಿದ. ಆನೆಯಂಥ ಆಳು, ಗಾಡಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ.

"ಕಣಿವಿ ದಾರಿ ಹೆಂಗೈತೋ?"

"ಇವತ್ತು ಬೆಳಗ್ಗೆ ಒಬ್ಬ ಅಗಸ ದಾಟಿ ಬಂದಿದ್ದಾನೆ," ಅಂದ ಉಳವಯ್ಯ. "ಅವನ ಕತ್ತೆಗೆ ನೀರು ಮೊಣಕಾಲಿನವರೆಗೆ ಇತ್ತಂತೆ. ಕತ್ತೆಯ ಕಾಲು ನಾನು ನೋಡಿದೆ, ಒದ್ದೆ ಅಲ್ಲಿಯವರೆಗೇ ಇತ್ತು. ತುಂಬಿದ ಗಾಡಿ ದಾಟಿದ್ದನ್ನು ನಿನ್ನೆಯಿಂದ ಯಾರೂ ನೋಡಿಲ್ಲ. ದಂಡೆ ಭಾರ ತಾಳುತ್ತದೋ ಇಲ್ಲವೋ ಹೇಳಲಾರೆ."

"ಅದೆಲ್ಲ ಪುರಾಣ ಬ್ಯಾಡ. ಚಲೋ ಐತೋ ಇಲ್ಲೋ? ಒಂದು ಮಾತು ಹೇಳು."

"ಒಂದು ಮಾತಿನಲ್ಲಿ ಹೇಳುವಷ್ಟು ನನಗೆ ಗೊತ್ತಿಲ್ಲ."

ಚನಮಲ್ಲಪ್ಪನ ಮುಖ ಕೆಂಪಾಯಿತು. "ಮೊದಲು ಇದ್ದಾಗ ಹಿಂಗಿರಲಿಲ್ಲ ನೀನು! ಬುಟ್ಟಿ ನೋಡಿ ಟಪ್ಪಂತ ಹೇಳತಿದ್ದಿ. ಇಷ್ಟು ಮಂದಿ ಬಂದು ಹೋಗತಾರ, ಒಂದು ದಾರಿ ಹೇಳಾಕ ಬರೋದಿಲ್ಲಂದ್ರ ಯಾತಕ್ಕ ಕೂತೀರಿ ಇಲ್ಲಿ? ಮಜ್ಜಿಗಿ ಹಂಚಾಕಾ?"

ಬೈಯುತ್ತಲೇ ಗಾಡಿ ಹೊಡೆಯಲು ಹೇಳಿದ. ಗಾಡಿ ಕಣಿವೆಯ ಕಡೆಗೆ ತಿರುಗಿತು. ಅವನ ಬೈಗುಳ ದೂರದವರೆಗೂ ಕೇಳಿಸುತ್ತಿತ್ತು.

ಉಳವಯ್ಯ ಧಡಕ್ಕನೆ ಎದ್ದು ಅವ್ವನ ಮುಂದೆ ಬಂದು ನಿಂತ.

"ಕೇಳಿದೆಯಾ ಅವ್ವ? ಸುಳ್ಳು ಹೇಳಿದಾಗ ಕೈಮುಗಿಯುತ್ತಿದ್ದರು. ಗೊತ್ತಿದ್ದಷ್ಟೇ ಹೇಳಿದರೆ ಉಗಿಯುತ್ತಾರೆ. ಇಂಥವರಿಗೆ ಏನಂತ ಹೇಳಲಿ?"

ಅವ್ವ ಕೈಯನ್ನು ಕಣ್ಣಿಗೆ ಮರೆ ಹಿಡಿದು ಕಣಿವೆಯ ಕಡೆ ನೋಡಿದಳು.

"ಈಗ ಅವನು ಎಲ್ಲಿ ಕೂತಿದ್ದಾನೆ?"

ಉಳವಯ್ಯ ನೋಡಿದ. ದಿಂಬು ಖಾಲಿ ಇತ್ತು. ಚನಮಲ್ಲಪ್ಪ ಗಾಡಿಯಿಂದ ಇಳಿದಿದ್ದ. ಎತ್ತುಗಳ ಮುಂದೆ ನಡೆಯುತ್ತಾ, ಹೆಜ್ಜೆ ಹೆಜ್ಜೆಗೂ ಕೋಲಿನಿಂದ ನೆಲ ಕುಟ್ಟಿ ನೋಡುತ್ತಿದ್ದ.

"ಕೂತಿಲ್ಲ," ಅಂದ ಉಳವಯ್ಯ. "ಇಳಿದು ನಡೆಯುತ್ತಿದ್ದಾನೆ. ಇನ್ನೂ ಬೈಯುತ್ತಲೇ ಇದ್ದಾನೆ."

"ಬೈಯಲಿ ಬಿಡು," ಅಂದಳು ಅವ್ವ. "ನೆಲ ನೋಡಿಕೊಂಡು ಬೈಯುತ್ತಿದ್ದಾನೆ."